2.5 ಸ್ಕ್ವೇರ್ ಲೈನನ್ನು ಮುಂದಕ್ಕೆ ಎಳೆಯುವಾಗ ವೈರ್ ಸೈಜು, ಎಂಸಿಬಿ ಎಷ್ಟಿರಬೇಕು?

ಪ್ರಶ್ನೆ – ಯುಟಿಲಿಟಿ_ಪಾಯಿಂಟ್

ಮನೆಯ ಎರಡು ಸರ್ಕ್ಯೂಟ್‌ಗಳನ್ನು ಯುಟಿಲಿಟಿ ಕೋಣೆಯವರೆಗೆ ಮುಂದುವರಿಸಬೇಕಾಗಿದೆ. ವೈರ್ ಸೈಜಿನ ವಿಷಯದಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಗೊತ್ತಿರುವವರು ಲೆಕ್ಕ ಸಮೇತ ಹೇಳಿದರೆ ಉಪಕಾರ.

ಪವರ್ ಲೈನ್: ಡಿಬಿಯಿಂದ (ಎಂಸಿಬಿಗಳಿರುವ ಪೆಟ್ಟಿಗೆ) ಬಾತ್‌ರೂಮಿನ ಗೀಸರ್ ಪಾಯಿಂಟ್‌ವರೆಗೆ 2.5 ಸ್ಕ್ವೇರ್ (ಚದರ ಮಿ.ಮೀ) ತಾಮ್ರದ ಪಿವಿಸಿ ವೈರ್, ದೂರ 12 ಮೀಟರ್. ಡಿಬಿಯಲ್ಲಿ 20 ಆಂಪ್ ಸಿ-ಕರ್ವ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್). ಗೀಸರ್ 2000 ವ್ಯಾಟ್. ಅಲ್ಲಿಂದ ಇನ್ನೂ 15 ಮೀಟರ್ ಎಳೆದು ವಾಷಿಂಗ್ ಮಷಿನ್‌ಗೆ 16 ಆಂಪ್ ಸಾಕೆಟ್ ಕೊಡಬೇಕು. ಮಷಿನ್ ತಾನೇ ನೀರು ಕಾಯಿಸುವಂಥದ್ದು, ಪ್ಲೇಟಿನ ಮೇಲೆ 2100 ವ್ಯಾಟ್ ಅಂತಿದೆ. ಪೈಪು ಚಾವಣಿಯ ಸ್ಲ್ಯಾಬಿನೊಳಗೆ ಹೋಗಿದೆ. ಅದೇ ಪೈಪಿನಲ್ಲಿ ಒಂದು ಲೈಟ್ ಸರ್ಕ್ಯೂಟಿನ ವೈರೂ ಇದೆ. "ಹೊಸ ಭಾಗಕ್ಕೆ 4 ಸ್ಕ್ವೇರ್ ಹಾಕಿ, ಎಂಸಿಬಿ 25ಕ್ಕೆ ಏರಿಸಿದರೆ ಆಯ್ತು" ಅನ್ನೋದು ಸಿಕ್ಕಿರುವ ಸಲಹೆ. ಸರಿಯೇ?

ಲೈಟ್ ಲೈನ್: 1.5 ಸ್ಕ್ವೇರ್, 10 ಆಂಪ್ ಎಂಸಿಬಿ, ಈಗಾಗಲೇ 7 ಪಾಯಿಂಟ್ ಇವೆ. ಯುಟಿಲಿಟಿಗೆ ಎರಡು ಲೈಟ್, ಒಂದು ಎಕ್ಸಾಸ್ಟ್ ಫ್ಯಾನ್, ಒಂದು 6 ಆಂಪ್ ಸಾಕೆಟ್ ಬೇಕು. ಲೈಟ್ ಲೈನ್ ಅಷ್ಟು ದೂರ ಎಳೆಯುವ ಬದಲು, ಅಲ್ಲಿಗೆ ಹೇಗೂ ಬರುವ ಪವರ್ ಲೈನಿನಿಂದಲೇ 1.5 ಸ್ಕ್ವೇರ್‌ನಲ್ಲಿ ಕವಲು ತೆಗೆದರೆ ಆಗುತ್ತದಾ?

ಇನ್ನೊಂದು: ಮನೆಯ ಹಳೇ ಭಾಗದಲ್ಲಿ 3/22 ಅನ್ನೋ ವೈರ್ ಇದೆ. ಅದಕ್ಕೆ ಹೊಸ ವೈರ್ ಜಾಯಿಂಟ್ ಮಾಡಬಹುದಾ?

ಉತ್ತರ 1 – ಓವರ್‌ಲೋಡ್

25ಕ್ಕೆ ಏರಿಸೋದು ಬೇಡವೇ ಬೇಡ. ಎಂಸಿಬಿ ಇರೋದು ವೈರನ್ನು ಕಾಯೋದಕ್ಕೆ, ಮಷಿನನ್ನಲ್ಲ. ಒಂದೇ ಸರ್ಕ್ಯೂಟಿನಲ್ಲಿ ಎರಡು ಸೈಜಿನ ವೈರ್ ಇದ್ದರೆ ತೆಳ್ಳಗಿರುವುದು ಯಾವುದೋ ಅದರ ಲೆಕ್ಕದಲ್ಲಿ ಎಂಸಿಬಿ ಇರಬೇಕು. ನಿಮ್ಮಲ್ಲಿ ತೆಳ್ಳಗಿನದು ಡಿಬಿಗೆ ಅಂಟಿಕೊಂಡಿರುವ ಮೊದಲ 12 ಮೀಟರ್. ಗೀಸರಿನದೂ ಮಷಿನಿನದೂ ಎರಡರ ಕರೆಂಟೂ ಹಾಯುವುದು ಅದರಲ್ಲೇ. ಹೊಸ 15 ಮೀಟರಿಗೆ ನೀವು 4 ಹಾಕಿ, 10 ಹಾಕಿ, ಹಿಂದಿನ 2.5 ದಪ್ಪ ಆಗುವುದಿಲ್ಲ.

ನಿಯಮ ಇಷ್ಟೇ: ಲೋಡಿನ ಕರೆಂಟಿಗಿಂತ ಎಂಸಿಬಿ ಕಡಿಮೆ ಇರಬಾರದು, ವೈರ್ ತಡೆಯುವ ಕರೆಂಟಿಗಿಂತ ಎಂಸಿಬಿ ಹೆಚ್ಚಿರಬಾರದು. ವೈರಿಂಗ್ ಸಂಹಿತೆ ಐಎಸ್ 732 ಹೇಳುವುದೂ ಇದನ್ನೇ, ಬೇರೆ ದೇಶಗಳ ಕೋಡ್‌ಗಳು ಹೇಳುವುದೂ ಇದನ್ನೇ.

25 ಆಂಪ್ ಅಂದರೆ 25ಕ್ಕೇ ಬೀಳುತ್ತದೆ ಅಂದುಕೊಳ್ಳಬೇಡಿ. ಮನೆಬಳಕೆಯ ಎಂಸಿಬಿ ತನ್ನ ರೇಟಿಂಗಿನ 1.13 ಪಟ್ಟು ಕರೆಂಟನ್ನು ಒಂದು ಗಂಟೆ ಹೊತ್ತು ಬೀಳದೆ ಹೊರಬೇಕು, 1.45 ಪಟ್ಟಿಗೆ ಒಂದು ಗಂಟೆಯೊಳಗೆ ಬೀಳಬೇಕು. ಅದನ್ನು ತಯಾರಿಸುವುದೇ ಹಾಗೆ. ಅಂದರೆ 25ರ ಎಂಸಿಬಿ 28 ಆಂಪ್ ಹೊತ್ತು ಸುಮ್ಮನೆ ಕೂತಿರುತ್ತದೆ, 36ಕ್ಕೂ ಒಂದು ಗಂಟೆಯವರೆಗೆ ಸಮಯ ತೆಗೆದುಕೊಳ್ಳಬಹುದು. ಅಷ್ಟು ಹೊತ್ತು ಪೈಪಿನೊಳಗಿನ 2.5 ಬೇಯುತ್ತಿರುತ್ತದೆ. ಮಾಮೂಲಿ ಪಿವಿಸಿ ಇನ್ಸುಲೇಶನ್ನಿನ ಮಿತಿ 70 ಡಿಗ್ರಿ. ದಿನಾ ಅದನ್ನು ದಾಟಿದರೆ ತಕ್ಷಣ ಏನೂ ಕಾಣುವುದಿಲ್ಲ. ಪಿವಿಸಿ ಗಟ್ಟಿಯಾಗುತ್ತ ಬಂದು, ಪೈಪಿನ ಬೆಂಡುಗಳಲ್ಲೂ ಸ್ಕ್ರೂ ಬುಡದಲ್ಲೂ ಬಿರುಕು ಬಿಡುತ್ತದೆ.

ಉತ್ತರ 2 – ಪೈಪು_ಸ್ಪ್ರಿಂಗು

ಮೇಲಿನವರ ಮಾತಿಗೆ ಅಂಕಿ ಸೇರಿಸುತ್ತೇನೆ. ಗೋಡೆಯೊಳಗಿನ ಪೈಪಿನಲ್ಲಿ ಒಂದೇ ಸರ್ಕ್ಯೂಟ್, ಸುತ್ತಲಿನ ಉಷ್ಣತೆ 30 ಡಿಗ್ರಿ, ಪಿವಿಸಿ ತಾಮ್ರ, ಸಿಂಗಲ್ ಫೇಸ್. ಐಇಸಿ (ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡ ಸಂಸ್ಥೆ) ಕೋಷ್ಟಕದಲ್ಲಿ ಸಿಗುವುದು:

1.5 ಸ್ಕ್ವೇರ್ – 17.5 ಆಂಪ್
2.5 ಸ್ಕ್ವೇರ್ – 24 ಆಂಪ್
4 ಸ್ಕ್ವೇರ್ – 32 ಆಂಪ್
6 ಸ್ಕ್ವೇರ್ – 41 ಆಂಪ್

ವೈರ್ ಸುರುಳಿಯ ಡಬ್ಬಿ ಮೇಲೆ ಅಚ್ಚಾಗಿರುವ ಆಂಪ್ ಯಾವ ಸ್ಥಿತಿಗೆ ಅಂತ ಓದದೆ ನಂಬಬೇಡಿ. ಗಾಳಿಯಲ್ಲಿ ಬಿಡಿಯಾಗಿರುವ ವೈರಿಗೂ ಪೈಪಿನಲ್ಲಿ ತುರುಕಿದ ವೈರಿಗೂ ತುಂಬ ವ್ಯತ್ಯಾಸ.

ಈ ಅಂಕಿಗಳನ್ನು ಎರಡು ಸಲ ಕತ್ತರಿಸಬೇಕು. ಮೊದಲನೆಯದು ಉಷ್ಣತೆ: 35 ಡಿಗ್ರಿಗೆ 0.94, 40ಕ್ಕೆ 0.87, 45ಕ್ಕೆ 0.79, 50ಕ್ಕೆ 0.71ರಿಂದ ಗುಣಿಸಿ. ಎರಡನೆಯದು ಒಂದೇ ಪೈಪಿನಲ್ಲಿರುವ ಸರ್ಕ್ಯೂಟ್‌ಗಳ ಸಂಖ್ಯೆ: ಎರಡಕ್ಕೆ 0.80, ಮೂರಕ್ಕೆ 0.70, ನಾಲ್ಕಕ್ಕೆ 0.65. ವೈರ್ ಎಣಿಸಬೇಡಿ, ಸರ್ಕ್ಯೂಟ್ ಎಣಿಸಿ. ಅರ್ತ್ ವೈರ್ ಈ ಲೆಕ್ಕಕ್ಕೆ ಬರುವುದಿಲ್ಲ.

ನಿಮ್ಮ 2.5: 24 × 0.87 × 0.80 = 16.7 ಆಂಪ್, ಅದೂ 40 ಡಿಗ್ರಿಗೆ. ಅಂದರೆ ಈಗಿರುವ 20 ಆಂಪ್ ಎಂಸಿಬಿಯೇ ಜಾಸ್ತಿ, 25ರ ಮಾತು ಹಾಗಿರಲಿ.

ಲೋಡು: ಗೀಸರ್ 2000 ÷ 230 = 8.7 ಆಂಪ್, ಮಷಿನ್ 2100 ÷ 230 = 9.13. ಎರಡೂ ಸೇರಿ 17.8. ಎಂಸಿಬಿಯನ್ನು 16ಕ್ಕೆ ಇಳಿಸಿದರೆ ಎರಡೂ ಒಟ್ಟಿಗೆ ಕಾಯುವಾಗ 1.11 ಪಟ್ಟು ಲೋಡ್ ಆಗುತ್ತದೆ. ಬೀಳದೆಯೂ ಇರಬಹುದು, ಸೆಕೆಯ ದಿನ ಡಿಬಿಯೊಳಗೇ ಬಿಸಿ ಇದ್ದಾಗ ಬೀಳಲೂಬಹುದು. ಇದನ್ನು ಡಿಸೈನ್ ಅನ್ನುವುದಿಲ್ಲ.

ವೋಲ್ಟೇಜ್ ಇಳಿತದ ಬಗ್ಗೆ ನೀವು ಕೇಳಿಲ್ಲ, ಆದರೆ 4 ಸ್ಕ್ವೇರ್ ಸಲಹೆ ಬಂದಿರುವುದು ಆ ಭಯದಿಂದಲೇ ಇರಬೇಕು. ಒಂದು ಆಂಪಿಗೆ ಒಂದು ಮೀಟರಿಗೆ, ಹೋಗಿ ಬರುವ ದಾರಿ ಸೇರಿ, 1.5ರಲ್ಲಿ 29 ಮಿಲಿವೋಲ್ಟ್, 2.5ರಲ್ಲಿ 18, 4ರಲ್ಲಿ 11, 6ರಲ್ಲಿ 7.3 ಇಳಿಯುತ್ತದೆ. ಮೊದಲ 12 ಮೀಟರಿನಲ್ಲಿ 17.8 ಆಂಪಿಗೆ 3.85 ವೋಲ್ಟ್. ಮುಂದಿನ 15 ಮೀಟರಿನಲ್ಲಿ ಮಷಿನಿನ 9.13 ಆಂಪ್ ಮಾತ್ರ: 2.5 ಆದರೆ 2.5 ವೋಲ್ಟ್, 4 ಆದರೆ 1.5 ವೋಲ್ಟ್. 4 ಸ್ಕ್ವೇರ್ ಹಾಕಿ ಉಳಿಸಿದ್ದು ಒಂದು ವೋಲ್ಟ್! ಒಟ್ಟು 6.3 ವೋಲ್ಟ್ ಇಳಿದರೂ ಶೇ 2.7 ಅಷ್ಟೇ. ಲೈಟಿಗೆ ಶೇ 3, ಉಳಿದ ಲೋಡಿಗೆ ಶೇ 5 ಮಿತಿ. ಮನೆಯೊಳಗಿನ ದೂರಗಳಲ್ಲಿ ವೈರ್ ಸೈಜನ್ನು ತೀರ್ಮಾನಿಸುವುದು ಹೆಚ್ಚಾಗಿ ಶಾಖ, ವೋಲ್ಟೇಜ್ ಅಲ್ಲ. ಅಂಗಳದಾಚೆ 60 ಮೀಟರ್ ದೂರದ ಪಂಪಿಗೆ ಎಳೆಯುವಾಗ ಲೆಕ್ಕ ತಿರುವುಮುರುವಾಗುತ್ತದೆ. 7 ಆಂಪಿನ ಮೋಟರ್ ಓಡುವಾಗ 2.5ರಲ್ಲಿ 7.6 ವೋಲ್ಟ್ ಇಳಿಯುತ್ತದೆ, ಸ್ಟಾರ್ಟ್ ಆಗುವಾಗ 40 ಆಂಪ್ ಎಳೆದರೆ 43 ವೋಲ್ಟ್ ಇಳಿದು ಮೋಟರ್ ಗುಂಯ್ ಅಂತ ನಿಂತುಬಿಡುತ್ತದೆ. ಅಲ್ಲಿ ದಪ್ಪ ವೈರ್ ಬೇಕು.

ಉತ್ತರ 3 – ಸ್ಲ್ಯಾಬ್‌ಕೆಳಗೆ

@ಪೈಪು_ಸ್ಪ್ರಿಂಗು ಲೆಕ್ಕದಲ್ಲಿ ಒಂದು ತಿದ್ದುಪಡಿ, ಆಮೇಲೆ ಅದೇ ತಿದ್ದುಪಡಿಗೆ ಒಂದು ತಕರಾರು.

ಗುಂಪಿನಲ್ಲಿರುವ ಒಂದು ಸರ್ಕ್ಯೂಟ್ ತನ್ನ ಗುಂಪು-ಸಾಮರ್ಥ್ಯದ ಶೇ 30 ಮೀರದಷ್ಟು ಮಾತ್ರ ಕರೆಂಟ್ ಒಯ್ಯುವುದು ಖಾತ್ರಿಯಿದ್ದರೆ, ಉಳಿದವುಗಳ ಲೆಕ್ಕ ಮಾಡುವಾಗ ಅದನ್ನು ಬಿಟ್ಟುಬಿಡಬಹುದು ಅಂತ ಐಇಸಿ ಕೋಷ್ಟಕದ ಟಿಪ್ಪಣಿಯಲ್ಲಿದೆ. ಆ ಲೈಟ್ ಸರ್ಕ್ಯೂಟ್ 1.5 ಸ್ಕ್ವೇರ್: 17.5 × 0.87 × 0.80 = 12.2, ಅದರ ಶೇ 30 ಅಂದರೆ 3.65 ಆಂಪ್. ಲೈಟ್ ಸರ್ಕ್ಯೂಟಿಗೆ ನಮ್ಮಲ್ಲಿರುವ 800 ವ್ಯಾಟ್ ಮಿತಿ ಪೂರ್ತಿ ಬಳಸಿದರೂ 3.5 ಆಂಪ್. ಕೂದಲೆಳೆಯಲ್ಲಿ ಪಾಸು. ಹಾಗಾಗಿ 2.5ಕ್ಕೆ 0.80 ಹಾಕಬೇಕಿಲ್ಲ, 24 × 0.87 = 20.9. ಈಗಿನ 20 ಆಂಪ್ ಎಂಸಿಬಿ 40 ಡಿಗ್ರಿಯಲ್ಲಿ ನಿಯಮದೊಳಗೇ ಇದೆ.

ತಕರಾರು ಇದು: ಪೈಪು ಇರುವುದು ಚಾವಣಿ ಸ್ಲ್ಯಾಬಿನಲ್ಲಿ. ಮೇಲೆ ಇನ್ನೊಂದು ಮಹಡಿ ಇದ್ದರೆ 40 ಸರಿ. ನೇರ ಬಿಸಿಲಿಗೆ ತೆರೆದ ತಾರಸಿಯಾದರೆ ಕಾಂಕ್ರೀಟು ಗಾಳಿಗಿಂತ ಬಿಸಿಯಾಗುತ್ತದೆ, ಸಂಜೆಯಾದರೂ ಆರುವುದಿಲ್ಲ. ಅಲ್ಲಿ 45ಕ್ಕಿಂತ ಕಡಿಮೆ ಹಿಡಿಯಬಾರದು. 24 × 0.79 = 19. ಮತ್ತೆ 20 ಫೇಲು, 16 ಪಾಸು.

ಆದರೆ ಇಷ್ಟೆಲ್ಲ ಕೂಡಿ ಕಳೆಯುವ ಮುಂಚೆಯೇ ಈ ವಿಸ್ತರಣೆ ನಿಲ್ಲಬೇಕಿತ್ತು. ಒಂದು ಪವರ್ ಸರ್ಕ್ಯೂಟಿಗೆ 3000 ವ್ಯಾಟ್ ಮಿತಿ, 16 ಆಂಪಿನ ಪಾಯಿಂಟ್ ಎರಡಕ್ಕಿಂತ ಹೆಚ್ಚು ಬೇಡ. ನಿಮ್ಮದು 4100 ವ್ಯಾಟ್. ಪಾಯಿಂಟ್ ಎರಡೇ ಆದರೂ ವ್ಯಾಟ್ ಮೀರಿತು. ನೀರು ಕಾಯಿಸುವ ಎರಡು ಉಪಕರಣಗಳನ್ನು ಒಂದೇ ಸರ್ಕ್ಯೂಟಿಗೆ ಕಟ್ಟಬೇಡಿ. ಮಷಿನಿಗೆ ಡಿಬಿಯಿಂದಲೇ ಬೇರೆ ಲೈನ್ ತನ್ನಿ:

– ಬೇರೆ ಪೈಪು ಸಾಧ್ಯವಾದರೆ 2.5 ಸ್ಕ್ವೇರ್, 16 ಆಂಪ್ ಎಂಸಿಬಿ. 45 ಡಿಗ್ರಿಗೂ 19 ತಡೆಯುತ್ತದೆ. 27 ಮೀಟರಿಗೆ ಇಳಿತ 4.4 ವೋಲ್ಟ್, ಶೇ 1.9.
– ಗೀಸರಿನ ಪೈಪಿನಲ್ಲೇ ತರಬೇಕಾದರೆ 4 ಸ್ಕ್ವೇರ್, 16 ಆಂಪ್ ಎಂಸಿಬಿ. 32 × 0.79 × 0.80 = 20.2. ಇಲ್ಲಿ 2.5 ಹಾಕಿದರೆ 15.2ಕ್ಕೆ ಇಳಿಯುತ್ತದೆ, 16ಕ್ಕೂ ಸಾಲದು. ಆದರೆ ಆ ಪೈಪಿನಲ್ಲಿರುವ ಗೀಸರಿನ 2.5 ಕೂಡ ಅದೇ 15.2ಕ್ಕೆ ಬರುತ್ತದೆ. ಅದಕ್ಕೇ ಬೇರೆ ಪೈಪು ಮೇಲು ಅನ್ನುವುದು.

ಎರಡರಲ್ಲಿ ಯಾವುದೇ ಆಗಲಿ, ಗೀಸರಿನ 20ರ ಎಂಸಿಬಿಯನ್ನು 16ಕ್ಕೆ ಇಳಿಸಿ. 8.7 ಆಂಪಿನ ಗೀಸರಿಗೆ 20 ಯಾಕೆ? ಸಾಕೆಟೂ 16ರದ್ದೇ ತಾನೇ.

ಉತ್ತರ 4 – ಕರೆಂಟ್‌ಕೋಡು

ಲೈಟಿನ ಪ್ರಶ್ನೆಗೆ ಯಾರೂ ಬಂದಿಲ್ಲ.

16 ಅಥವಾ 20 ಆಂಪ್ ಎಂಸಿಬಿಯ ಹಿಂದೆ 1.5 ಸ್ಕ್ವೇರ್ ಕವಲು ಹಾಕಬೇಡಿ. 45 ಡಿಗ್ರಿಯಲ್ಲಿ ಅದು ತಡೆಯುವುದು 13.8. ಲೈಟು 10 ವ್ಯಾಟ್ ಇರಬಹುದು, ಆದರೆ ಅದೇ ಕವಲಿನ 6 ಆಂಪ್ ಸಾಕೆಟಿಗೆ ಮುಂದೆ ಯಾರೋ ಕನ್ವರ್ಷನ್ ಪ್ಲಗ್ ಸಿಕ್ಕಿಸಿ ಹೀಟರ್ ಹಚ್ಚುತ್ತಾರೆ. ಆಗ ಮೊದಲು ಕರಗುವುದು ಸಾಕೆಟಿನ ಒಳಗಿನ ಪತ್ತಿ, ಆಮೇಲೆ ವೈರು. ಎಂಸಿಬಿ ಮಾತ್ರ ಆರಾಮವಾಗಿರುತ್ತದೆ.

ಹಾಗಂತ ಹಳೇ ಲೈಟ್ ಲೈನಿಗೇ ಸೇರಿಸೋಣ ಅಂದರೆ 7 + 4 = 11 ಪಾಯಿಂಟ್. ಮಿತಿ 10. ವ್ಯಾಟಿನಲ್ಲಿ ಜಾಗ ಇದ್ದೇ ಇದೆ, ಎಲ್ಇಡಿ ಕಾಲದಲ್ಲಿ 800 ಮುಟ್ಟುವುದೇ ಕಷ್ಟ (6 ಆಂಪ್ ಸಾಕೆಟಿಗೆ ಲೆಕ್ಕದಲ್ಲಿ 100 ವ್ಯಾಟ್ ಹಿಡಿಯುತ್ತಾರೆ), ಆದರೂ ಪಾಯಿಂಟ್ ಲೆಕ್ಕ ಮೀರುತ್ತದೆ. ಹೇಗೂ ಮಷಿನಿಗೆ ಡಿಬಿಯಿಂದ ಹೊಸ ಪೈಪು ಹೋಗುತ್ತದಲ್ಲ, ಅದರಲ್ಲೇ 1.5 ಸ್ಕ್ವೇರ್‌ನ ಹೊಸ ಲೈಟ್ ಸರ್ಕ್ಯೂಟ್ ಎಳೆದು 10 ಆಂಪ್ ಎಂಸಿಬಿ ಕೊಡಿ. 17.5 × 0.79 × 0.80 = 11, ಪಾಸು. ನಾಲ್ಕೇ ಪಾಯಿಂಟ್ ಇರುವುದರಿಂದ ಮೇಲೆ ಹೇಳಿದ ಶೇ 30ರ ವಿನಾಯಿತಿಯೂ ಸಿಗುತ್ತದೆ.

ಈಗ ನಿಜವಾಗಿ ಎಡವಟ್ಟಾಗುವ ಜಾಗಗಳು.

ನ್ಯೂಟ್ರಲ್: ಸಿಂಗಲ್ ಫೇಸಿನಲ್ಲಿ ಫೇಸಿನಷ್ಟೇ ಕರೆಂಟ್ ನ್ಯೂಟ್ರಲ್‌ನಲ್ಲೂ ಇರುತ್ತದೆ, ಹಾಗಾಗಿ ಸೈಜೂ ಅಷ್ಟೇ. ಫೇಸು ಒಂದು ಸರ್ಕ್ಯೂಟಿನದು, ನ್ಯೂಟ್ರಲ್ ಪಕ್ಕದ ಬಾಕ್ಸಿನಲ್ಲಿ ಸಿಕ್ಕ ಇನ್ನೊಂದರದು – ವಿಸ್ತರಣೆಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದು. ಎರಡೂ ಬೇರೆ ಬೇರೆ ಆರ್‌ಸಿಸಿಬಿಯ (ಫೇಸಿನ ಕರೆಂಟಿಗೂ ನ್ಯೂಟ್ರಲ್‌ನದಕ್ಕೂ ವ್ಯತ್ಯಾಸ ಬಂದರೆ ಬೀಳುವ ಸ್ವಿಚ್) ಕೆಳಗಿದ್ದರೆ ಲೋಡ್ ಹಾಕಿದ ಕೂಡಲೇ ಬೀಳುತ್ತದೆ, ಅದಾದರೂ ಗೊತ್ತಾಗುತ್ತದೆ. ಒಂದೇ ಆರ್‌ಸಿಸಿಬಿಯ ಕೆಳಗಿದ್ದರೆ ಯಾರಿಗೂ ಗೊತ್ತಾಗದೆ ಒಂದು ನ್ಯೂಟ್ರಲ್ ಮೇಲೆ ಎರಡು ಸರ್ಕ್ಯೂಟಿನ ಹೊರೆ ಬೀಳುತ್ತದೆ. ಮುಂದೆ ಯಾರಾದರೂ ಒಂದು ಎಂಸಿಬಿ ಆಫ್ ಮಾಡಿ ಆ ನ್ಯೂಟ್ರಲ್ ಬಿಚ್ಚಿದರೆ, ಬಿಚ್ಚಿದ ತುದಿಯಲ್ಲಿ 230 ವೋಲ್ಟ್ ಸಿಗುತ್ತದೆ.

ಅರ್ತ್: ಫೇಸು 16 ಸ್ಕ್ವೇರ್‌ವರೆಗೆ ಇದ್ದಾಗ ಅರ್ತ್ ವೈರೂ ಅದೇ ಸೈಜು. 4 ಎಳೆದರೆ ಅರ್ತ್ 4. ಹಸಿರು ಬಣ್ಣದ ವೈರನ್ನು ಬೇರೆ ಯಾವುದಕ್ಕೂ ಬಳಸಬೇಡಿ, ಸ್ವಿಚ್ಚಿನ ಲೂಪಿಗೆ ಹಸಿರು ಹಾಕಿರುವ ಬೋರ್ಡುಗಳು ಇವೆ. ಅರ್ತ್ ದೋಷವಾದಾಗ ಎಂಸಿಬಿ ಬೀಳುತ್ತದೆ ಅಂತಲೂ ನೆಚ್ಚಿಕೊಳ್ಳಬೇಡಿ. ದೋಷದ ಕರೆಂಟ್ ಮನೆಯ ಅರ್ತ್ ಗುಂಡಿಯ ಮಣ್ಣಿನ ಮೂಲಕ ವಾಪಸಾಗಬೇಕಾದಲ್ಲಿ, ದಾರಿಯ ರೋಧ 5 ಓಮ್ ಇದ್ದರೂ ಹರಿಯುವುದು 46 ಆಂಪ್. ಸಿ-ಕರ್ವ್ 16 ಕೂಡಲೇ ಬೀಳಬೇಕಾದರೆ 80ರಿಂದ 160 ಬೇಕು. ಅದಕ್ಕೇ 30 ಮಿಲಿಆಂಪ್ ಆರ್‌ಸಿಸಿಬಿ ಬೇಕಾಗುವುದು, ಅದೂ ಒದ್ದೆ ನೆಲದ ಯುಟಿಲಿಟಿಗೆ.

ಜಾಯಿಂಟ್: ಪೈಪಿನೊಳಗೆ ಬೇಡ. ಬಾಕ್ಸಿನಲ್ಲಿ ಮಾತ್ರ, ಮುಂದೆ ಮುಚ್ಚಳ ತೆಗೆದು ನೋಡುವಂತಿರಬೇಕು. ಸಾಕೆಟಿನ ಒಂದೇ ಸ್ಕ್ರೂ ಕೆಳಗೆ 2.5 ಮತ್ತು 4 ಎರಡನ್ನೂ ಸೇರಿಸಿ ಬಿಗಿದರೆ, 4 ಗಟ್ಟಿಯಾಗಿ ಕೂತು 2.5 ಸಡಿಲವಾಗಿ ಉಳಿಯುತ್ತದೆ. ಕೈಯಿಂದ ಎಳೆದರೆ ಬರುವುದಿಲ್ಲ, ಲೋಡಿನಲ್ಲಿ ಮಾತ್ರ ಬಿಸಿಯಾಗುತ್ತದೆ. ವೈರ್ ಸುಲಿದಾಗ ತಾಮ್ರ ಕಂದು-ನೇರಳೆ ಬಣ್ಣಕ್ಕೆ ತಿರುಗಿದ್ದರೆ, ಇನ್ಸುಲೇಶನ್ ಗಟ್ಟಿಯಾಗಿ ಪುಡಿಯಾಗುತ್ತಿದ್ದರೆ ಅಲ್ಲಿ ಇದೇ ನಡೆದಿದೆ ಅಂತ ಲೆಕ್ಕ. ಬಣ್ಣ ಸರಿಯಿರುವ ಕಡೆಯವರೆಗೂ ಹಿಂದಕ್ಕೆ ಕತ್ತರಿಸಬೇಕು. ಎಳೆಎಳೆಯಾದ ಫ್ಲೆಕ್ಸಿಬಲ್ ವೈರಿಗೆ ತುದಿಯಲ್ಲಿ ಫೆರುಲ್ (ಲೋಹದ ಪುಟ್ಟ ಕೊಳವೆ) ಒತ್ತಿ, ರೇಟಿಂಗ್ ಬರೆದಿರುವ ಕನೆಕ್ಟರಿನಲ್ಲಿ ಸೇರಿಸಿ. ಎರಡು ತುದಿ ತಿರುಚಿ ಟೇಪ್ ಸುತ್ತಿದ್ದನ್ನು ಜಾಯಿಂಟ್ ಅನ್ನಬಾರದು.

ಕೊಂಡ ವೈರ್ ನಿಜವಾಗಿ 2.5 ಹೌದಾ ಅಂತ ನೋಡುವುದು ಸುಲಭ. 0.3 ಮಿ.ಮೀ ಎಳೆಗಳದ್ದಾದರೆ 1.5ರಲ್ಲಿ 22 ಎಳೆ, 2.5ರಲ್ಲಿ 36, 4ರಲ್ಲಿ 56 ಇರುತ್ತವೆ. ಎಳೆ ಎಣಿಸಿದರೆ ಸಾಲದು, ಮೈಕ್ರೋಮೀಟರಿನಲ್ಲಿ ಒಂದೆಳೆಯ ದಪ್ಪವನ್ನೂ ನೋಡಿ. ಮೇಲೆ ಐಎಸ್ 694 ಗುರುತು ಇರಬೇಕು.

ಉತ್ತರ 5 – ಹಳೇಗೇಜು

3/22 ಅಂದರೆ 22 ಗೇಜಿನ ಮೂರು ಎಳೆ, ಒಟ್ಟು 1.19 ಸ್ಕ್ವೇರ್ ಎಂಎಂ. 1/18 ಕೂಡ ಹತ್ತಿರ ಹತ್ತಿರ ಅಷ್ಟೇ, 1.17. 3/20 ಅಂದರೆ 1.97, 7/22 ಅಂದರೆ 2.78, 7/20 ಅಂದರೆ 4.6. ಹಾಗಾಗಿ ನಿಮ್ಮ 3/22 ಈಗಿನ 1.5ಕ್ಕಿಂತ ತೆಳು. ಅದರ ಹಿಂದೆ 6 ಆಂಪಿಗಿಂತ ದೊಡ್ಡ ಎಂಸಿಬಿ ಇದ್ದರೆ ಮೊದಲು ಅದನ್ನು ಬದಲಿಸಿ.

ಜಾಯಿಂಟ್ ಮಾಡಬೇಡಿ ಅನ್ನುವುದಕ್ಕೆ ಸೈಜು ಒಂದೇ ಕಾರಣವಲ್ಲ. ಆ ಕಾಲದ ವೈರಿಂಗಿನಲ್ಲಿ ರಬ್ಬರ್ ಇನ್ಸುಲೇಶನ್ ಇದ್ದರೆ, ಬಾಕ್ಸಿನಲ್ಲಿ ಬಗ್ಗಿಸಿದ ಕೂಡಲೇ ಉದುರುತ್ತದೆ. ಬೆಳಗ್ಗೆ ಕೆಲಸ ಮಾಡುತ್ತಿದ್ದ ಲೈನು ನೀವು ಮುಟ್ಟಿದ ಮೇಲೆ ಶಾರ್ಟ್ ಆಗುತ್ತದೆ. ಲೈಟ್ ಪಾಯಿಂಟ್‌ಗಳಿಗೆ ಅರ್ತ್ ಇಲ್ಲದಿರುವುದೂ ಸಾಮಾನ್ಯ. ಚಾಕುವಿನಿಂದ ಒಂದೆಳೆ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದು ಮೆತ್ತಗೆ ಬಗ್ಗಿದರೆ ಅಲ್ಯುಮಿನಿಯಂ. ಅದನ್ನು ತಾಮ್ರಕ್ಕೆ ನೇರ ಸೇರಿಸಬಾರದು, ಜಾಯಿಂಟ್ ಸವೆದು ಬಿಸಿಯಾಗುತ್ತದೆ. ಎರಡಕ್ಕೂ ಆಗುವ ಬೈಮೆಟಲ್ ಕನೆಕ್ಟರ್ ಬೇಕು. ಆದರೆ ಅಷ್ಟು ಕಷ್ಟಪಡುವ ಬದಲು, ಪೈಪಿನಲ್ಲಿ ಓಡಿಸಿದ್ದಾದರೆ ಹಳೇ ವೈರನ್ನೇ ಸ್ಪ್ರಿಂಗ್ (ಎಳೆಯುವ ಹುರಿ) ಮಾಡಿಕೊಂಡು ಹೊಸ 1.5 ಎಳೆದುಬಿಡಿ.

ಇನ್ನೊಂದು ಮಾತು. ಅಮೆರಿಕದ ವಿಡಿಯೋ ನೋಡಿ "14 ಗೇಜಿಗೆ 15 ಆಂಪ್, 12ಕ್ಕೆ 20, 10ಕ್ಕೆ 30" ಅಂತ ಇಲ್ಲಿ ತಂದು ಹಾಕಬೇಡಿ. ಅವು ಎಡಬ್ಲ್ಯೂಜಿ ಗೇಜು: 14 ಅಂದರೆ 2.08 ಸ್ಕ್ವೇರ್ ಎಂಎಂ, 12 ಅಂದರೆ 3.31, 10 ಅಂದರೆ 5.26. ನಮ್ಮ ಹಳೇ ಗೇಜು ಎಸ್‌ಡಬ್ಲ್ಯೂಜಿ, ಅದು ಬೇರೆ. ನಿಯಮದ ತಿರುಳು ಮಾತ್ರ ಅಲ್ಲೂ ಇದೇ: 20 ಆಂಪ್ ಬ್ರೇಕರಿನ ಲೈನಿಗೆ 14 ಗೇಜಿನ ತುಂಡು ಸೇರಿಸಿದರೆ ತಪಾಸಣೆಯಲ್ಲಿ ಫೇಲು.

ಮರುಪ್ರಶ್ನೆ – ಯುಟಿಲಿಟಿ_ಪಾಯಿಂಟ್

ಎಲ್ಲರಿಗೂ ಧನ್ಯವಾದ. ಮೇಲೆ ತೆರೆದ ತಾರಸಿಯೇ. ಗೋಡೆ ಮೇಲೆ ಬೇರೆ ಪೈಪು ಹೊಡೆಯಲು ದಾರಿ ಇದೆ, ಮಷಿನಿಗೆ 2.5, ಲೈಟಿಗೆ 1.5 ಎರಡನ್ನೂ ಅದರಲ್ಲೇ ತರುತ್ತೇವೆ. 20 ಮಿ.ಮೀ ಪೈಪು ಸಾಕಾ? ಇನ್ನೊಂದು, ಕೆಲಸ ಶುರು ಮಾಡುವ ಮೊದಲು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕಡೆಯಿಂದ ಗೀಸರ್ ಲೈನ್ ಮೆಗ್ಗರ್ (ಇನ್ಸುಲೇಶನ್ನಿನ ರೋಧ ಅಳೆಯುವ ಪರೀಕ್ಷೆ) ಮಾಡಿಸಿದೆವು, 0.6 ಮೆಗಾಓಮ್ ತೋರಿಸಿತು. ತೊಂದರೆ ಇದೆಯಾ?

ಉತ್ತರ 6 – ಪೈಪು_ಸ್ಪ್ರಿಂಗು

ಪೈಪು: ಒಳಗಿನ ಜಾಗದ ಶೇ 40 ಮೀರಿ ತುಂಬಬಾರದು. 20ರ ಪೈಪಿನ ಒಳವ್ಯಾಸ 17 ಅಂತ ಹಿಡಿದರೆ ಸುಮಾರು 90 ಚದರ ಮಿ.ಮೀ ಸಿಗುತ್ತದೆ. 2.5ರ ವೈರಿನ ಹೊರವ್ಯಾಸ ಸುಮಾರು 4 ಮಿ.ಮೀ, ಒಂದಕ್ಕೆ ಹನ್ನೆರಡೂವರೆ ಚದರ. ಮೂರು 2.5, ಮೂರು 1.5 ಒಟ್ಟು 70ರೊಳಗೆ ಮುಗಿಯುತ್ತದೆ. ಆದರೆ ಬೆಂಡು ಎರಡಕ್ಕಿಂತ ಹೆಚ್ಚಿದ್ದರೆ 25 ಹಾಕಿ, ಇಲ್ಲವೇ ನಡುವೆ ಒಂದು ಬಾಕ್ಸ್ ಕೊಡಿ. ಬಲವಂತವಾಗಿ ಎಳೆದಾಗ ಇನ್ಸುಲೇಶನ್ ಸುಲಿಯುವುದು ಬೆಂಡಿನಲ್ಲೇ.

ಮೆಗ್ಗರ್: 500 ವೋಲ್ಟ್ ಡಿಸಿಯಲ್ಲಿ ಕನಿಷ್ಠ 1 ಮೆಗಾಓಮ್ ಬೇಕು, ಒಳ್ಳೆಯ ಲೈನ್ ಅದಕ್ಕಿಂತ ಎಷ್ಟೋ ಹೆಚ್ಚು ತೋರಿಸುತ್ತದೆ. 0.6 ಬಂದರೆ ಮೊದಲು ನೋಡಬೇಕಾದ್ದು ಟೆಸ್ಟ್ ಮಾಡಿದ ರೀತಿ. ಎಂಸಿಬಿ ಆಫ್ ಮಾಡಿದರೆ ಫೇಸು ಮಾತ್ರ ಬಿಡುತ್ತದೆ. ಆ ಸರ್ಕ್ಯೂಟಿನ ನ್ಯೂಟ್ರಲ್ಲನ್ನೂ ಡಿಬಿಯ ನ್ಯೂಟ್ರಲ್ ಲಿಂಕಿನಿಂದ ಬಿಚ್ಚದಿದ್ದರೆ ಮನೆಯ ಬೇರೆ ಸರ್ಕ್ಯೂಟ್‌ಗಳ ಸೋರಿಕೆಯೂ ಸೇರಿ ಓದುತ್ತದೆ. ಗೀಸರ್ ಸ್ವಿಚ್ ಆಫ್ ಇದ್ದರೂ ಸಾಲದು, ಪ್ಲಗ್ ಹೊರಗೆ ಬರಬೇಕು ಅಥವಾ ವೈರ್ ಬಿಚ್ಚಿರಬೇಕು. ಸಿಂಗಲ್ ಪೋಲ್ ಸ್ವಿಚ್ಚಾದರೆ ನ್ಯೂಟ್ರಲ್ ಮೂಲಕ ಎಲಿಮೆಂಟು ಇನ್ನೂ ಸೇರಿಕೊಂಡೇ ಇರುತ್ತದೆ.

ಇಷ್ಟು ಬಿಚ್ಚಿ ಮತ್ತೆ ಅಳೆಯಿರಿ: ಫೇಸು-ಅರ್ತ್, ನ್ಯೂಟ್ರಲ್-ಅರ್ತ್, ಫೇಸು-ನ್ಯೂಟ್ರಲ್. ಆಗಲೂ 1ಕ್ಕಿಂತ ಕಡಿಮೆ ಬಂದರೆ ದೋಷ ವೈರಿನಲ್ಲಿದೆ. ನಡುವೆ ಎಲ್ಲಾದರೂ ಬಾಕ್ಸ್ ಇದ್ದರೆ ಅಲ್ಲಿ ಬಿಚ್ಚಿ ಎರಡೂ ಕಡೆ ಬೇರೆ ಬೇರೆ ಅಳೆದು ಕೆಟ್ಟ ಭಾಗ ಬದಲಿಸಿ. ವೈರ್ ಸರಿಯಿದ್ದು ಗೀಸರ್ ಸೇರಿಸಿದಾಗ ಮಾತ್ರ ಇಳಿದರೆ ಎಲಿಮೆಂಟಿನೊಳಗೆ ನೀರಿಳಿದಿದೆ. ಎಲಿಮೆಂಟು ಬದಲಿಸುವವರೆಗೆ ಆ ಗೀಸರ್ ಆನ್ ಮಾಡಬೇಡಿ.